ಸಹಿ ಹಾಕುವ ಮೊದಲು ಒಂದು ಮಾತು



ಇವತ್ತು ರಾಜಕೀಯ ಬೇಡ. ಯಾರು ಯಾರಿಗೆ ಏನು ಬೈದರು ಅನ್ನೋದನ್ನ ನಾಳೆ ನೋಡೋಣ. ಇವತ್ತು ಬಾಗಲಕೋಟೆಯಲ್ಲಿ ಒಬ್ಬ ಹಿರಿಯರು ನನ್ನ ಕೈ ಹಿಡಿದುಕೊಂಡು ಹೇಳಿದ ಒಂದು ಮಾತಿನಿಂದ ಶುರು ಮಾಡ್ತೀನಿ. ಅದು ಹೊಲದ ಮಾತು. ಆದರೆ ನಾನು ಮಾತಾಡಬೇಕಿರೋದು ವಿಮಾನದ ಬಗ್ಗೆ. ಹೊಲಕ್ಕೂ ವಿಮಾನಕ್ಕೂ ಏನ್ರೀ ಸಂಬಂಧ ಅಂತ ಕೇಳಬೇಡಿ. ಕೊನೆಯವರೆಗೆ ಕೇಳಿ, ಗೊತ್ತಾಗುತ್ತೆ.

ಕಳೆದ ವಾರ ನವನಗರದಲ್ಲಿ ಒಂದು ಕಾರ್ಯಕ್ರಮ ಇತ್ತು. ಬಾದಾಮಿ, ಹುನಗುಂದ, ಇಳಕಲ್‌ನಿಂದಲೂ ಜನ ಬಂದಿದ್ದರು. ಅಹಮದಾಬಾದ್ ವಿಮಾನ ದುರಂತದ ಬಗ್ಗೆ ಯಾರೋ ಪ್ರಶ್ನೆ ಕೇಳಿದರು. 2025ರ ಜೂನ್ 12ರಂದು ಲಂಡನ್‌ಗೆ ಹೊರಟಿದ್ದ ಏರ್ ಇಂಡಿಯಾ ವಿಮಾನ ಮೇಲೇರಿದ ಕೆಲವೇ ಕ್ಷಣಗಳಲ್ಲಿ ವೈದ್ಯಕೀಯ ಕಾಲೇಜಿನ ಹಾಸ್ಟೆಲ್ ಮೇಲೆ ಬಿತ್ತು. ವಿಮಾನದಲ್ಲಿದ್ದ 242 ಜನರಲ್ಲಿ ಬದುಕಿದ್ದು ಒಬ್ಬರೇ. ನೆಲದ ಮೇಲಿದ್ದವರೂ ಸೇರಿ 260 ಜೀವ ಹೋಯಿತು. ಟಾಟಾ ಸಮೂಹ ತಲಾ 1 ಕೋಟಿ ಕೊಡ್ತೀವಿ ಅಂತ ಘೋಷಿಸಿತು. ನಾವು ಟಿವಿಯವರು ಆ ಸಂಖ್ಯೆಯನ್ನ ದೊಡ್ಡ ಅಕ್ಷರದಲ್ಲಿ ತೋರಿಸಿದೆವು.

ಕಾರ್ಯಕ್ರಮ ಮುಗಿದ ಮೇಲೆ ಆ ಹಿರಿಯರು ಹತ್ತಿರ ಬಂದರು. ಬಿಳಿ ಧೋತರ, ತಲೆಗೆ ರುಮಾಲು. ಅಂದರು: "ಸರ, ಟಿವಿಯೊಳಗ ರೊಕ್ಕದ ಮಾತು ಹೇಳಿದ್ರಿ, ಚಲೋ ಆತು. ಆದ್ರ ಸಹಿ ಮಾಡೂ ಮುಂದ ಏನ್ ನೋಡಬೇಕು ಅಂತ ಹೇಳಲಿಲ್ಲ ನೀವು."

ನಾನು ಸುಮ್ಮನಾದೆ. ಅವರೇ ಮುಂದುವರಿಸಿದರು. ಅವರ ಹೊಲ ಆಲಮಟ್ಟಿ ಹಿನ್ನೀರಿಗೆ ಹೋಗಿದೆ. ಪರಿಹಾರದ ಚೆಕ್ ಬಂದಾಗ ಇವರು ಸಹಿ ಹಾಕಿ ತಗೊಂಡರು. ಪಕ್ಕದ ಹೊಲದವನು ಒಬ್ಬ ವಕೀಲರ ಮಾತು ಕೇಳಿ, ಸಹಿಯ ಜೊತೆ "ತಕರಾರು ಕಾಯ್ದಿರಿಸಿ ಪಡೆದಿದ್ದೇನೆ" ಅಂತ ಒಂದು ಸಾಲು ಬರೆದ. ಅಷ್ಟೇ ವ್ಯತ್ಯಾಸ. ಪಕ್ಕದವನು ಕೋರ್ಟಿಗೆ ಹೋದ, ಪರಿಹಾರ ಹೆಚ್ಚಾಯಿತು. ಇವರಿಗೆ ಬಾಗಿಲು ಮುಚ್ಚಿತ್ತು. "ನಂದೂ ಅವಂದೂ ಒಂದ ಬದುವಿನ ಹೊಲ ಸರ. ಮಣ್ಣು ಒಂದ, ನೀರು ಒಂದ. ಆ ಒಂದು ಸಾಲು ನನಗ ಯಾರೂ ಹೇಳಲಿಲ್ಲ."

ಅವರು ಹೇಳಿದ್ದು ಕಾನೂನಿನ ಪ್ರಕಾರ ಸರಿ. 1894ರ ಹಳೆಯ ಭೂಸ್ವಾಧೀನ ಕಾಯ್ದೆಯಲ್ಲಿ ತಕರಾರು ದಾಖಲಿಸದೆ ಹಣ ಪಡೆದವರಿಗೆ 18ನೇ ಕಲಮಿನಡಿ ಹೆಚ್ಚಿನ ಪರಿಹಾರ ಕೇಳುವ ಹಕ್ಕು ಇರಲಿಲ್ಲ. ಅಂಥವರಿಗೂ 28-ಎ ಅಂತ ಇನ್ನೊಂದು ಬಾಗಿಲು ಇತ್ತು. ಅದೇ ಅಧಿಸೂಚನೆಯಲ್ಲಿ ಹೋದ ಪಕ್ಕದ ಹೊಲಕ್ಕೆ ಕೋರ್ಟ್ ದರ ಏರಿಸಿದರೆ, ಮೂರು ತಿಂಗಳೊಳಗೆ ಅರ್ಜಿ ಹಾಕಬಹುದಿತ್ತು. ಆ ಮೂರು ತಿಂಗಳೂ ಇವರಿಗೆ ಗೊತ್ತಾಗದೆ ಕಳೆದುಹೋಯಿತು.

ಬಾಗಲಕೋಟೆಯ ಜನಕ್ಕೆ ಪರಿಹಾರ ಅಂದರೆ ಏನು ಅಂತ ಪಾಠ ಹೇಳಬೇಕಾಗಿಲ್ಲ ವೀಕ್ಷಕರೇ. ಊರಿಗೆ ಊರೇ ನೀರಿಗೆ ಬಿಟ್ಟುಕೊಟ್ಟು ಹೊಸ ಊರು ಕಟ್ಟಿಕೊಂಡವರು ಅವರು. ಆಲಮಟ್ಟಿಯ ನೀರಿನ ಮಟ್ಟ 519.6 ಮೀಟರ್‌ನಿಂದ 524.256ಕ್ಕೆ ಏರಿದರೆ ಮತ್ತೆಷ್ಟು ಹೋಗುತ್ತೆ ಅಂತ ಇವತ್ತಿಗೂ ಲೆಕ್ಕ ಹಾಕ್ತಾ ಕೂತವರು. ಸರಿಯಾದ ವಕೀಲ ಸಿಕ್ಕರೆ ಏನಾಗುತ್ತೆ, ತಪ್ಪು ವಕೀಲ ಸಿಕ್ಕರೆ ಏನಾಗುತ್ತೆ, ವಕೀಲನೇ ಸಿಗದಿದ್ದರೆ ಏನಾಗುತ್ತೆ, ಮೂರನ್ನೂ ಕಂಡವರು. ಹಾಗಾಗಿ ಇವತ್ತಿನ ಮಾತು ಅವರ ಅನುಭವದ ಮೇಲೇ ನಿಂತಿದೆ.

ಈಗ ನನ್ನದೊಂದು ತಪ್ಪನ್ನ ಒಪ್ಪಿಕೊಳ್ತೀನಿ.

2010ರ ಮೇ 22. ಶನಿವಾರ ಬೆಳಿಗ್ಗೆ ಆರು ಗಂಟೆ ದಾಟಿತ್ತು. ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ 812 ವಿಮಾನ ಮಂಗಳೂರಿನ ಬಜಪೆ ನಿಲ್ದಾಣದಲ್ಲಿ ಇಳಿದು, ರನ್‌ವೇ ದಾಟಿ, ಗುಡ್ಡದಿಂದ ಕೆಳಗೆ ಹೋಯಿತು. 166 ಜನರಲ್ಲಿ 158 ಜನ ಸತ್ತರು. ಎಂಟು ಜನ ಉಳಿದರು. ಇಳಿಯುವ ಹಂತದಲ್ಲೇ ವಿಮಾನದ ಎತ್ತರ, ವೇಗ ಸರಿಯಿರಲಿಲ್ಲ, ಆದರೂ ಕ್ಯಾಪ್ಟನ್ ಇಳಿಸುವುದನ್ನ ಕೈಬಿಟ್ಟು ಮತ್ತೆ ಮೇಲೇರಲಿಲ್ಲ ಅಂತ ಮುಂದೆ ತನಿಖಾ ವರದಿ ಹೇಳಿತು.

ನಾನು ಆಗ ವರದಿಗಾರ. ವೆನ್ಲಾಕ್ ಆಸ್ಪತ್ರೆಯ ಎದುರು ಕ್ಯಾಮೆರಾ ಹಿಡಿದು ನಿಂತಿದ್ದೆ. ಕಾಸರಗೋಡು, ಉಡುಪಿ, ಭಟ್ಕಳ ಕಡೆಯಿಂದ ಕುಟುಂಬಗಳು ಬರ್ತಾನೇ ಇದ್ದವು. ರಸ್ತೆಯ ಆಚೆ ಚಹಾದ ಅಂಗಡಿ ಹತ್ತಿರ ಕಟ್ಟಡ ಕೆಲಸದ ಕೂಲಿಕಾರನೊಬ್ಬ ನಿಂತಿದ್ದ. ಬಾದಾಮಿ ತಾಲೂಕಿನವನು. ನಿಮಗೆ ಗೊತ್ತು, ಮಂಗಳೂರಿನ ಎಷ್ಟೋ ಕಟ್ಟಡಗಳಿಗೆ ಗಾರೆ ಹೊತ್ತವರು ಬಾಗಲಕೋಟೆ ಜಿಲ್ಲೆಯವರು. ಅವನು ನನ್ನನ್ನ ಕೇಳಿದ: "ಸರ, ಈ ಮಂದಿಗೆ ಮುಂದ ಯಾರ್ ನೋಡ್ಕೋತಾರ? ಯಾರ ಹತ್ರ ಹೋಗಿ ಕೇಳಬೇಕು ಇವರು?" ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತುಮಾಡಿಕೊಳ್ಳೋ ಪ್ರಯತ್ನವನ್ನೂ ಮಾಡಲಿಲ್ಲ. ಅವತ್ತು ನನಗೆ ಬೇಕಾಗಿದ್ದುದು ಅಳುವ ಮುಖ.

ತಪ್ಪು ಅದೊಂದೇ ಅಲ್ಲ. 2011ರ ಜುಲೈನಲ್ಲಿ ಕೇರಳ ಹೈಕೋರ್ಟಿನ ಏಕಸದಸ್ಯ ಪೀಠ ಒಂದು ತೀರ್ಪು ಕೊಟ್ಟಿತು. ಸತ್ತ ಪ್ರತಿಯೊಬ್ಬ ಪ್ರಯಾಣಿಕನ ಕುಟುಂಬಕ್ಕೂ ಕನಿಷ್ಠ 1 ಲಕ್ಷ ಎಸ್‌ಡಿಆರ್, ಅಂದರೆ ಆಗಿನ ಲೆಕ್ಕದಲ್ಲಿ ಸುಮಾರು 75 ಲಕ್ಷ ರೂಪಾಯಿ ಕೊಡಬೇಕು ಅಂತ. ನಾವು ಬ್ರೇಕಿಂಗ್ ನ್ಯೂಸ್ ಹಾಕಿದೆವು. ದಿನವಿಡೀ. ಮುಂದಿನ ತಿಂಗಳು, ಆಗಸ್ಟ್‌ನಲ್ಲಿ, ಅದೇ ಹೈಕೋರ್ಟಿನ ವಿಭಾಗೀಯ ಪೀಠ ಆ ತೀರ್ಪನ್ನ ರದ್ದು ಮಾಡಿತು. 1 ಲಕ್ಷ ಎಸ್‌ಡಿಆರ್ ಅನ್ನೋದು ಎಲ್ಲರಿಗೂ ಸಿಗೋ ಕನಿಷ್ಠ ಮೊತ್ತ ಅಲ್ಲ, ಎಷ್ಟು ನಷ್ಟವಾಯಿತು ಅಂತ ಪ್ರತಿ ಕುಟುಂಬವೂ ತೋರಿಸಬೇಕು ಅಂತ ಹೇಳಿತು. ಅದನ್ನ ನಾವು ಪರದೆಯ ಕೆಳಗೆ ಓಡುವ ಪಟ್ಟಿಯಲ್ಲಿ ಹಾಕಿ ಬಿಟ್ಟೆವು. ಮೊದಲನೆಯದನ್ನ ನಂಬಿದವರು ಎರಡನೆಯದನ್ನ ನೋಡಿದರಾ? ಗೊತ್ತಿಲ್ಲ. ಆ ಪ್ರಶ್ನೆ ನನ್ನನ್ನ ಇವತ್ತಿಗೂ ಬಿಟ್ಟಿಲ್ಲ.

ಆ ಸಾಲ ತೀರಿಸೋಕೆ ಇವತ್ತು ಕೂತಿದ್ದೀನಿ ಅಂದುಕೊಳ್ಳಿ.

ಮೊದಲು ಕಾನೂನು ಏನಿದೆ ನೋಡೋಣ. ಅದು ಗೊತ್ತಿಲ್ಲದಿದ್ದರೆ ವಕೀಲರ ಹತ್ತಿರ ಏನು ಕೇಳಬೇಕು ಅನ್ನೋದೂ ಗೊತ್ತಾಗಲ್ಲ.

ನಮ್ಮಲ್ಲಿ 1972ರ ವಾಯು ಸಾರಿಗೆ ಕಾಯ್ದೆ ಇದೆ. ಅದಕ್ಕೆ ಮೂರು ಅನುಸೂಚಿಗಳು. ಮೂರನೆಯದು 1999ರ ಮಾಂಟ್ರಿಯಲ್ ಒಪ್ಪಂದ. ಭಾರತ ಆ ಒಪ್ಪಂದಕ್ಕೆ ಸೇರಿದ್ದು 2009ರಲ್ಲಿ. ಅಂದರೆ ಮಂಗಳೂರು ದುರಂತಕ್ಕೆ ಸುಮಾರು ಒಂದು ವರ್ಷ ಮೊದಲು ಅಷ್ಟೆ. ಅದಕ್ಕೂ ಮೊದಲಿನ ಹಳೆಯ ಪದ್ಧತಿಯಲ್ಲಿದ್ದ ಮಿತಿ ಇದರ ಒಂದು ಸಣ್ಣ ಪಾಲು ಮಾತ್ರ.

ಮಾಂಟ್ರಿಯಲ್ ಒಪ್ಪಂದದಲ್ಲಿ ಎರಡು ಮೆಟ್ಟಿಲು. ಮೊದಲ ಮೆಟ್ಟಿಲಿನವರೆಗೆ, ವಿಮಾನ ಸಂಸ್ಥೆಯ ತಪ್ಪು ಇದೆಯೋ ಇಲ್ಲವೋ ಅಂತ ನೀವು ಸಾಬೀತು ಮಾಡಬೇಕಿಲ್ಲ. ನಿಮ್ಮ ನಷ್ಟ ಎಷ್ಟು ಅಂತ ತೋರಿಸಿದರೆ ಸಾಕು. ಆ ಮೆಟ್ಟಿಲು 2010ರಲ್ಲಿ ನಮ್ಮ ಕಾಯ್ದೆಯ ಪ್ರಕಾರ 1 ಲಕ್ಷ ಎಸ್‌ಡಿಆರ್ ಎತ್ತರ ಇತ್ತು. ಅಂತರರಾಷ್ಟ್ರೀಯವಾಗಿ 2024ರ ಡಿಸೆಂಬರ್ 28ರಿಂದ ಅದು 1,51,880. ಎಸ್‌ಡಿಆರ್ ಅಂದರೆ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ನಾಣ್ಯ, ಕೈಯಲ್ಲಿ ಹಿಡಿಯೋ ನೋಟಲ್ಲ. ರೂಪಾಯಿಯಲ್ಲಿ ಒಂದೂವರೆ ಕೋಟಿಗೂ ಮೇಲೆ ಹೋಗುತ್ತೆ. ಎರಡನೇ ಮೆಟ್ಟಿಲಿಗೆ ಮಿತಿಯೇ ಇಲ್ಲ. ಆದರೆ ಅಲ್ಲಿ ಸಂಸ್ಥೆ "ನಮ್ಮ ನಿರ್ಲಕ್ಷ್ಯ ಇರಲಿಲ್ಲ" ಅಂತ ತೋರಿಸಿದರೆ ತಪ್ಪಿಸಿಕೊಳ್ಳಬಹುದು. ಗಮನಿಸಿ, ತೋರಿಸುವ ಹೊಣೆ ಸಂಸ್ಥೆಯದು, ನಿಮ್ಮದಲ್ಲ.

ಇದು ಅಂತರರಾಷ್ಟ್ರೀಯ ಪ್ರಯಾಣದ ಮಾತು. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಹೋಗೋ ವಿಮಾನಕ್ಕೆ ಕೇಂದ್ರ ಸರ್ಕಾರದ ಬೇರೆ ಅಧಿಸೂಚನೆ, ಬೇರೆ ಮಿತಿ. ಇನ್ನು ವಿಮಾನದಲ್ಲಿ ಕೂರದೆ ನೆಲದ ಮೇಲೆ ಸತ್ತವರು ಈ ಒಪ್ಪಂದದ ಒಳಗೇ ಬರಲ್ಲ. ಅಹಮದಾಬಾದ್‌ನ ಹಾಸ್ಟೆಲಿನಲ್ಲಿ ಊಟಕ್ಕೆ ಕೂತಿದ್ದವರ ದಾರಿ ಬೇರೆ, ಮೇಲಿದ್ದ ಪ್ರಯಾಣಿಕರ ದಾರಿ ಬೇರೆ. ಹಾಗಾಗಿ ವಕೀಲರನ್ನ ಕೇಳಬೇಕಾದ ಮೊದಲ ಪ್ರಶ್ನೆ ಇದು: "ನಮ್ಮವರು ಯಾವ ದಾರಿಯಲ್ಲಿ ಬರ್ತಾರೆ?" ಈ ಪ್ರಶ್ನೆಗೆ ತಡವರಿಸುವವರು, ಓದಿ ನಾಳೆ ಹೇಳ್ತೀನಿ ಅಂದರೆ ಪರವಾಗಿಲ್ಲ, ಪ್ರಾಮಾಣಿಕರು. ಓದದೆಯೇ "ಐದು ಕೋಟಿ ಕೊಡಿಸ್ತೀನಿ" ಅಂದರೆ ಎದ್ದು ಬನ್ನಿ.

ಎರಡನೇ ವಿಷಯ. ಗಡಿಯಾರ. ಮಾಂಟ್ರಿಯಲ್ ಒಪ್ಪಂದದ 35ನೇ ವಿಧಿ. ವಿಮಾನ ತಲುಪಬೇಕಾಗಿದ್ದ ದಿನದಿಂದ ಎರಡು ವರ್ಷ. ಅಷ್ಟರೊಳಗೆ ದಾವೆ ಹೂಡದಿದ್ದರೆ ಹಕ್ಕೇ ಹೋಗುತ್ತೆ. "ತನಿಖಾ ವರದಿ ಬರಲಿ", "ಪಕ್ಕದ ಮನೆಯವರ ಕೇಸು ಏನಾಗುತ್ತೋ ನೋಡೋಣ", "ಕಂಪನಿಯವರು ಮಾತಾಡ್ತಾ ಇದ್ದಾರಲ್ಲ" ಅಂತ ಕೂತರೆ ಗಡಿಯಾರ ನಿಲ್ಲಲ್ಲ. ಮಾತುಕತೆ ನಡೆಯಲಿ, ಬೇಡ ಅನ್ನಲ್ಲ. ಆದರೆ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಕೆಂಪು ಗುರುತು ಹಾಕಿ. ಅದನ್ನ ಮೊದಲ ಭೇಟಿಯಲ್ಲೇ ನೆನಪಿಸುವ ವಕೀಲರು ಒಳ್ಳೆಯ ವಕೀಲರು.

ಮೂರನೆಯದು, ಬಾಗಲಕೋಟೆಯ ಹಿರಿಯರು ಹೇಳಿದ ಅದೇ ಸಾಲು. ವಿಮಾನ ಬಿದ್ದ ಕೂಡಲೇ ಮಧ್ಯಂತರ ಹಣ ಬರುತ್ತೆ. ಮಂಗಳೂರಿನಲ್ಲಿ ಸತ್ತ ವಯಸ್ಕರಿಗೆ 10 ಲಕ್ಷ ಅಂತ ಘೋಷಣೆ ಆಗಿತ್ತು, ಅಹಮದಾಬಾದ್‌ನಲ್ಲಿ ವಿಮಾನ ಸಂಸ್ಥೆ ಕೊಟ್ಟ ಮಧ್ಯಂತರ ಹಣ 25 ಲಕ್ಷ. ಇದನ್ನ ತಗೊಳ್ಳೋಕೆ ಹೆದರಬೇಡಿ. ಒಪ್ಪಂದದ 28ನೇ ವಿಧಿ ಸ್ಪಷ್ಟವಾಗಿದೆ: ಮುಂಗಡ ಕೊಟ್ಟ ಮಾತ್ರಕ್ಕೆ ಸಂಸ್ಥೆ ತಪ್ಪು ಒಪ್ಪಿಕೊಂಡಂತೆ ಅಲ್ಲ, ಮುಂದೆ ಸಿಗುವ ಪರಿಹಾರದಲ್ಲಿ ಅದನ್ನ ಕಳೆದುಕೊಳ್ಳಬಹುದು, ಅಷ್ಟೆ. ಮನೆಯಲ್ಲಿ ಒಲೆ ಉರಿಯಬೇಕಲ್ಲ, ತಗೊಳ್ಳಿ.

ಆದರೆ ಅದರ ಜೊತೆ ಬರೋ ಕಾಗದ ಯಾವುದು ಅಂತ ನೋಡಿ. "ಮುಂಗಡ ಪಡೆದಿದ್ದೇನೆ" ಅನ್ನೋದು ಒಂದು ಕಾಗದ. "ಪೂರ್ಣ ಮತ್ತು ಅಂತಿಮ ಇತ್ಯರ್ಥವಾಗಿ ಪಡೆದಿದ್ದೇನೆ, ಇನ್ನು ಮುಂದೆ ಸಂಸ್ಥೆಯ ಮೇಲಾಗಲಿ, ವಿಮಾನ ತಯಾರಕರ ಮೇಲಾಗಲಿ ಯಾವುದೇ ದಾವೆ ಹೂಡುವುದಿಲ್ಲ" ಅನ್ನೋದು ಇನ್ನೊಂದು ಕಾಗದ. ಎರಡರ ನಡುವೆ ಇರೋದು ಒಂದು ಸಾಲಿನ ಅಂತರ. ಆ ಒಂದು ಸಾಲು ಹೆಚ್ಚಿನ ಸಲ ಇಂಗ್ಲಿಷಿನಲ್ಲಿರುತ್ತೆ. ಓದೋಕೆ ಬರೋವರಿಂದ ಓದಿಸಿ, ಕನ್ನಡದಲ್ಲಿ ಹೇಳಿಸಿಕೊಳ್ಳಿ, ಪ್ರತಿ ಕೇಳಿ ಇಟ್ಟುಕೊಳ್ಳಿ. ಸಹಿ ಹಾಕೋಕೆ ಇವತ್ತೇ ಕೊನೆ ದಿನ ಅಂತ ಯಾರಾದರೂ ಅವಸರ ಮಾಡಿದರೆ, ಅವಸರ ಯಾರದು ಅಂತ ಒಮ್ಮೆ ಯೋಚಿಸಿ. ನಿಮ್ಮದಂತೂ ಅಲ್ಲ.

ಅಹಮದಾಬಾದ್ ದುರಂತದ ನಂತರ ಕೆಲವು ಕುಟುಂಬಗಳ ವಕೀಲರು, ಹಣಕಾಸಿನ ವಿವರ ಕೇಳುವ ಪ್ರಶ್ನಾವಳಿಗಳನ್ನ ಒತ್ತಡ ಹಾಕಿ ತುಂಬಿಸ್ತಾ ಇದ್ದಾರೆ ಅಂತ ಆರೋಪ ಮಾಡಿದರು. ಸಂಸ್ಥೆ ಅದನ್ನ ನಿರಾಕರಿಸಿತು. ಯಾರು ಸರಿ ಅಂತ ನಾನು ತೀರ್ಪು ಕೊಡಲ್ಲ. ಆದರೆ ಒಂದು ಮಾತು ನೆನಪಿಡಿ. ಎದುರಿಗೆ ಕೂತು ಮೃದುವಾಗಿ ಮಾತಾಡುವ, ನೀರು ಕೊಡುವ, ಸಮಾಧಾನ ಹೇಳುವ ಆ ವಕೀಲರು ಯಾರ ವಕೀಲರು? ಅವರ ಫೀ ಕೊಡೋದು ಯಾರು? ಸಂಸ್ಥೆ ಅಥವಾ ವಿಮಾ ಕಂಪನಿ ಕೊಡ್ತಾ ಇದ್ದರೆ ಅವರು ಎಷ್ಟೇ ಒಳ್ಳೆಯವರಾಗಿರಲಿ, ನಿಮ್ಮ ವಕೀಲರಲ್ಲ. ಅದು ಅವರ ತಪ್ಪೂ ಅಲ್ಲ. ಅವರ ಕೆಲಸ ಅದು.

ಸರಿ, ಹಾಗಾದರೆ ನಮ್ಮ ವಕೀಲರು ಯಾರು? ಎಲ್ಲಿ ಹುಡುಕೋದು?

ಇಳಕಲ್‌ನ ಒಬ್ಬ ಹೆಣ್ಣುಮಗಳು ಅದೇ ಕಾರ್ಯಕ್ರಮದಲ್ಲಿ ಕೇಳಿದರು. ಅವರ ತಮ್ಮ ಕೊಲ್ಲಿ ದೇಶದಲ್ಲಿ ಕೆಲಸ ಮಾಡ್ತಾನೆ, ಎರಡು ವರ್ಷಕ್ಕೊಮ್ಮೆ ಬಂದು ಹೋಗ್ತಾನೆ. "ಸರ, ನಮ್ಮೂರ ವಕೀಲರು ಸಾಕೇನ್ರಿ, ಇಲ್ಲಾ ಬೆಂಗಳೂರು, ದಿಲ್ಲಿಗೆ ಹೋಗಬೇಕೇನ್ರಿ?"

ನಾನು ಅವರ ಸೀರೆಯನ್ನೇ ತೋರಿಸಿದೆ. ಇಳಕಲ್ ಸೀರೆ ನೇಯೋದು ಹೇಗೆ? ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಕೊಂಡಿ ಕೊಂಡಿಯಾಗಿ ಜೋಡಿಸ್ತಾರೆ. ಟೋಪಿ ತೆನಿ ಅಂತಾರೆ. ಹಾಗೇ ಇದು. ಊರಿನ ವಕೀಲರು ಒಡಲು. ವಾರಸಾ ಪ್ರಮಾಣಪತ್ರ, ಮರಣ ಪ್ರಮಾಣಪತ್ರ, ಚಿಕ್ಕ ಮಕ್ಕಳಿಗೆ ಪೋಷಕರ ನೇಮಕ, ತಂದೆ-ತಾಯಿ ಮತ್ತು ಹೆಂಡತಿಯ ನಡುವೆ ಬರೋ ತಕರಾರು ಇವೆಲ್ಲ ಹುನಗುಂದದ ಕೋರ್ಟಿನಲ್ಲೋ ಬಾಗಲಕೋಟೆಯ ಕೋರ್ಟಿನಲ್ಲೋ ಆಗೋ ಕೆಲಸ. ದಿಲ್ಲಿಯ ವಕೀಲರಿಗೆ ನಿಮ್ಮ ಮನೆಯ ಕಥೆ ಗೊತ್ತಿರಲ್ಲ. ಆದರೆ ವಾಯು ಸಾರಿಗೆ ಕಾಯ್ದೆ ದಿನಬೆಳಗಾದರೆ ಬರೋ ಕೇಸಲ್ಲ. ಅದನ್ನ ಓದಿ ನಡೆಸಿದ ಅನುಭವ ಇರೋರು ಸೆರಗು. ಊರಿನ ವಕೀಲರೇ ಅಂಥವರನ್ನ ಜೊತೆಗೆ ಸೇರಿಸಿಕೊಳ್ಳಬಹುದು. "ಬೇರೆಯವರ ಸಲಹೆ ಕೇಳೋಣ" ಅಂದರೆ ಮುಖ ಗಂಟಿಕ್ಕೋ ವಕೀಲರು ಈ ಕೇಸಿಗೆ ಬೇಡ. ಕೊಂಡಿ ಗಟ್ಟಿ ಇರಬೇಕು, ಇಲ್ಲದಿದ್ದರೆ ಸೆರಗು ಜಾರುತ್ತೆ.

ವಾಯು ಸಾರಿಗೆಯ ಕೇಸು ಮಾಡಿದವರು ಹತ್ತಿರದಲ್ಲಿ ಸಿಗದಿದ್ದರೆ ಮೋಟಾರು ಅಪಘಾತ ನ್ಯಾಯಮಂಡಳಿಯಲ್ಲಿ, ಗ್ರಾಹಕ ಆಯೋಗದಲ್ಲಿ ದುಡಿದವರನ್ನ ನೋಡಿ. ನಷ್ಟದ ಲೆಕ್ಕ ಅವರಿಗೆ ಗೊತ್ತಿರುತ್ತೆ. ಸತ್ತವರ ವಯಸ್ಸೇನು, ಆದಾಯವೇನು, ಮುಂದೆ ಎಷ್ಟು ಬೆಳೀತಿತ್ತು, ಸ್ವಂತ ಖರ್ಚಿಗೆ ಎಷ್ಟು ಕಳೀಬೇಕು, ಎಷ್ಟು ವರ್ಷಕ್ಕೆ ಗುಣಿಸಬೇಕು. ಇಡೀ ಕೇಸಿನ ಜೀವ ಇರೋದು ಈ ಲೆಕ್ಕದಲ್ಲಿ.

ಇದಕ್ಕೆ ಮಂಗಳೂರಿನದೇ ಉದಾಹರಣೆ ಕೊಡ್ತೀನಿ. ಆ ವಿಮಾನದಲ್ಲಿ ಸತ್ತವರಲ್ಲಿ ಒಬ್ಬರು ದುಬೈನ ಕಂಪನಿಯೊಂದರ ಪ್ರಾದೇಶಿಕ ನಿರ್ದೇಶಕರಾಗಿದ್ದರು. ವಯಸ್ಸು 45. ಹೆಂಡತಿ, ಮಕ್ಕಳು ರಾಷ್ಟ್ರೀಯ ಗ್ರಾಹಕ ಆಯೋಗಕ್ಕೆ ಹೋದರು. ಅಲ್ಲಿಂದ ಸುಪ್ರೀಂ ಕೋರ್ಟಿಗೆ. 2020ರ ಮಾರ್ಚ್ 4ರಂದು ತೀರ್ಪು ಬಂತು. ಪರಿಹಾರ 7.64 ಕೋಟಿ ರೂಪಾಯಿ, ಶೇ 9ರ ಬಡ್ಡಿ. ವಾದ ಇದ್ದುದು ಯಾವುದರ ಮೇಲೆ ಗೊತ್ತಾ? ಸಂಬಳದ ಚೀಟಿಯ ಮೇಲೆ! ಕಂಪನಿ ಸಂಬಳವನ್ನ ಬೇರೆ ಬೇರೆ ತಲೆಬರಹದಲ್ಲಿ ಹಂಚಿ ತೋರಿಸಿರುತ್ತೆ, ಅದು ಅದರ ಅನುಕೂಲಕ್ಕೆ. ಸತ್ತವನ ಆದಾಯ ಎಷ್ಟು ಅಂತ ಲೆಕ್ಕ ಹಾಕುವಾಗ ಅವನಿಗೆ ನ್ಯಾಯವಾಗಿ ಸಲ್ಲಬೇಕಿದ್ದುದನ್ನ ನೋಡಬೇಕು ಅಂತ ಕೋರ್ಟ್ ಹೇಳಿತು. ಒಂದು ಸಂಬಳದ ಚೀಟಿಯನ್ನ ಸರಿಯಾಗಿ ಓದಬಲ್ಲ ವಕೀಲರು ಕುಟುಂಬಕ್ಕೆ ಎಷ್ಟು ಬೆಲೆಬಾಳ್ತಾರೆ ನೋಡಿ.

ಆದರೆ ಇನ್ನೊಂದು ಸಂಖ್ಯೆಯನ್ನೂ ನೋಡಿ. 2010 ಮೇ, 2020 ಮಾರ್ಚ್. ಹತ್ತು ವರ್ಷಕ್ಕೆ ಎರಡೇ ತಿಂಗಳು ಕಡಿಮೆ. ಅಷ್ಟು ಕಾಲ ತಡೆಯುವ ಶಕ್ತಿ ಎಲ್ಲ ಕುಟುಂಬಕ್ಕೂ ಇರಲ್ಲ. ಆದ್ದರಿಂದ ರಾಜಿ ಮಾಡಿಕೊಂಡವರೆಲ್ಲ ಮೋಸ ಹೋದರು ಅಂತ ನಾನು ಹೇಳಲ್ಲ. ಒಳ್ಳೆಯ ರಾಜಿಯೂ ಇರುತ್ತೆ. ಕೋರ್ಟಿಗೆ ಹೋದರೆ ಸುಮಾರು ಎಷ್ಟು ಸಿಗಬಹುದು, ಎಷ್ಟು ವರ್ಷ ಬೇಕಾಗಬಹುದು, ಇವತ್ತು ಕೈಗೆ ಬರೋದು ಎಷ್ಟು, ಈ ಮೂರನ್ನೂ ಒಂದೇ ಹಾಳೆಯಲ್ಲಿ ಬರೆದು ನಿಮ್ಮ ಮುಂದೆ ಇಟ್ಟು, "ತೀರ್ಮಾನ ನಿಮ್ಮದು" ಅನ್ನೋ ವಕೀಲರನ್ನ ಹುಡುಕಿ.

ಕೊಲ್ಲಿಯಲ್ಲಿ ಗಾರೆ ಕೆಲಸ ಮಾಡೋನಿಗೆ ನಿರ್ದೇಶಕರಂಥ ಸಂಬಳದ ಚೀಟಿ ಇರಲ್ಲ. ಹಾಗಂತ ಕೈ ಚೆಲ್ಲಬೇಡಿ. ಕೆಲಸದ ಕರಾರು, ವೀಸಾದ ಪ್ರತಿ, ತಿಂಗಳು ತಿಂಗಳು ಮನೆಗೆ ಹಣ ಬಂದ ಬ್ಯಾಂಕ್ ಪಾಸ್‌ಬುಕ್, ತಂಗಿಯ ಮದುವೆಗೆ ಅವನು ಕಟ್ಟಿದ ಸಾಲದ ರಸೀದಿ, ಎಲ್ಲವೂ ಸಾಕ್ಷಿ. ವಿದೇಶಕ್ಕೆ ಹೋಗೋ ಮಕ್ಕಳು ಈ ಕಾಗದಗಳ ಒಂದೊಂದು ನಕಲನ್ನ ಮನೆಯ ಟ್ರಂಕಿನಲ್ಲಿ ಇಟ್ಟು ಹೋಗಲಿ. ಅಪಶಕುನ ಅನ್ನಬೇಡಿ. ಹೊಲದ ಪಹಣಿ ಇಟ್ಟುಕೊಳ್ಳೋದು ಅಪಶಕುನವಾ?

ಈಗ ಎಲ್ಲರೂ ಕೇಳೋ ಪ್ರಶ್ನೆ. ಫೀ ಎಷ್ಟು?

ಕಹಿ ಮಾತು ಇದು. ಪರಿಹಾರದಲ್ಲಿ ಇಷ್ಟು ಪರ್ಸೆಂಟ್ ಅಂತ ಮಾತಾಡಿಕೊಳ್ಳೋದು ನಮ್ಮ ಕಡೆ ಹೊಸದಲ್ಲ. ಆದರೆ ಭಾರತೀಯ ವಕೀಲರ ಪರಿಷತ್ತಿನ ನಿಯಮ ಏನು ಹೇಳುತ್ತೆ? ಕೇಸಿನ ಫಲಿತಾಂಶದ ಮೇಲೆ ಫೀ ನಿಗದಿ ಮಾಡುವಂತಿಲ್ಲ, ಬಂದ ಹಣದಲ್ಲಿ ಪಾಲು ಪಡೆಯುವ ಕರಾರು ಮಾಡಿಕೊಳ್ಳುವಂತಿಲ್ಲ. ಮನೆಬಾಗಿಲಿಗೆ ಬಂದು ಕೇಸು ಕೊಡಿ ಅಂತ ಕೇಳುವಂತೆಯೂ ಇಲ್ಲ. ಹಾಗಾಗಿ ಶವ ಮನೆಗೆ ಬರೋ ಮೊದಲೇ ವಕಾಲತ್ತಿನ ಕಾಗದ ಹಿಡಿದು ಬಂದವರು ಮೊದಲ ಹೆಜ್ಜೆಯಲ್ಲೇ ತಮ್ಮ ನಿಯಮವನ್ನ ಮುರಿದವರು. ನಿಮ್ಮ ಕೇಸಿನಲ್ಲಿ ನಿಯಮ ಪಾಲಿಸ್ತಾರಾ? ನೀವೇ ಹೇಳಿ.

ಅಮೆರಿಕದ ಪದ್ಧತಿ ಬೇರೆ. ಅಲ್ಲಿ ಪಾಲಿನ ಫೀ ಕಾನೂನುಬದ್ಧ. ಆದರೆ ಅಲ್ಲೂ ಒಂದು ಬೇಲಿ ಇದೆ. ವಿಮಾನ ಅಪಘಾತವಾದ 45 ದಿನದೊಳಗೆ, ಕುಟುಂಬ ಕರೆಯದೆ ವಕೀಲರು ಸಂಪರ್ಕಿಸುವಂತಿಲ್ಲ ಅಂತ ಅವರ ಸಂಸತ್ತು ಕಾನೂನು ಮಾಡಿದೆ. ದುಃಖ ಹಸಿಯಾಗಿರುವಾಗ ಮನುಷ್ಯ ಯಾವ ಕಾಗದಕ್ಕೂ ಸಹಿ ಹಾಕ್ತಾನೆ ಅನ್ನೋದು ಅವರಿಗೂ ಗೊತ್ತು.

ವಿಮಾನದ ಯಂತ್ರದಲ್ಲೇ ದೋಷ ಇತ್ತು ಅನ್ನೋ ಅನುಮಾನ ಬಂದಾಗ ವಿದೇಶಿ ವಕೀಲರು ತಯಾರಕ ಕಂಪನಿಯ ಮೇಲೆ ಅಮೆರಿಕದಲ್ಲಿ ದಾವೆ ಹೂಡೋಣ ಅಂತಾರೆ. ಮೊತ್ತ ದೊಡ್ಡದು, ಆಸೆಯೂ ದೊಡ್ಡದು. ಆದರೆ ಅಲ್ಲಿನ ಕೋರ್ಟು "ಅಪಘಾತ ನಿಮ್ಮ ದೇಶದಲ್ಲಿ, ಸಾಕ್ಷಿ ನಿಮ್ಮ ದೇಶದಲ್ಲಿ, ಅಲ್ಲೇ ಹೋಗಿ" ಅಂತ ವಾಪಸ್ ಕಳಿಸೋ ಸಾಧ್ಯತೆ ಇದೆ. ಅಂಥವರು ಬಂದರೆ ಮೂರು ಪ್ರಶ್ನೆ ಕೇಳಿ. ಅಲ್ಲಿಂದ ವಾಪಸ್ ಬಂದರೆ ಇಲ್ಲಿನ ಎರಡು ವರ್ಷದ ಗಡುವು ಯಾರು ನೋಡಿಕೊಳ್ತಾರೆ? ಸೋತರೆ ಖರ್ಚು ಯಾರದು? ನಿಮ್ಮ ಪಾಲನ್ನ ಲೆಕ್ಕ ಹಾಕೋದು ಖರ್ಚು ಕಳೆಯುವ ಮೊದಲೋ, ನಂತರವೋ? ಉತ್ತರ ಬರವಣಿಗೆಯಲ್ಲಿ ಇರಲಿ.

ಇಲ್ಲಿನ ವಕೀಲರ ಜೊತೆಗೂ ಅಷ್ಟೆ. ಫೀ ಎಷ್ಟು, ಯಾವ ಹಂತಕ್ಕೆ ಎಷ್ಟು, ಬರೆದುಕೊಡಿ ಅನ್ನಿ, ರಸೀದಿ ಕೇಳಿ. ಮೂಲ ದಾಖಲೆ ನಿಮ್ಮ ಹತ್ತಿರ ಇರಲಿ, ನಕಲು ಕೊಡಿ. ಖಾಲಿ ಹಾಳೆಗೆ ಸಹಿ ಬೇಡ, ಖಾಲಿ ಚೆಕ್ಕಿಗೆ ಅಂತೂ ಬೇಡವೇ ಬೇಡ. ವಕಾಲತ್ತಿನಲ್ಲಿ "ರಾಜಿ ಮಾಡಿಕೊಳ್ಳುವ, ಹಣ ಪಡೆಯುವ ಅಧಿಕಾರ" ಅಂತ ಇದ್ದರೆ ಅದರ ಅರ್ಥ ಕೇಳಿ. ಪರಿಹಾರದ ಹಣ ನೇರವಾಗಿ ಹಕ್ಕುದಾರರ ಬ್ಯಾಂಕ್ ಖಾತೆಗೇ ಬರಲಿ. ಇದನ್ನೆಲ್ಲ ಕೇಳಿದರೆ ಒಳ್ಳೆಯ ವಕೀಲರು ಬೇಸರ ಮಾಡಿಕೊಳ್ಳಲ್ಲ. ನಮ್ಮ ತಾಲೂಕು ಕೋರ್ಟುಗಳಲ್ಲಿ ಅಂಥ ನೂರಾರು ಜನ ಇದ್ದಾರೆ. ಅವರ ಹೆಸರು ಕೆಡಿಸೋರು ಕೆಲವರು.

ಹಣವೇ ಇಲ್ಲ, ವಕೀಲರಿಗೆ ಕೊಡೋದು ಎಲ್ಲಿಂದ ಅನ್ನೋರಿಗೆ ಒಂದು ಮುಖ್ಯ ಮಾತು. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ, 12ನೇ ಕಲಮು. ಹೆಣ್ಣುಮಕ್ಕಳಿಗೆ, ಮಕ್ಕಳಿಗೆ, ಪರಿಶಿಷ್ಟರಿಗೆ, ಸಾಮೂಹಿಕ ದುರಂತಕ್ಕೆ ಸಿಕ್ಕಿ ಕಷ್ಟಕ್ಕೆ ಬಿದ್ದವರಿಗೆ ಉಚಿತ ಕಾನೂನು ನೆರವು ಸಿಗುತ್ತೆ. ಗಂಡನನ್ನ ಕಳೆದುಕೊಂಡ ಹೆಣ್ಣುಮಗಳಿಗೆ ಆದಾಯ ಎಷ್ಟು ಅಂತ ಕೇಳುವ ಹಾಗೂ ಇಲ್ಲ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಬಾಗಲಕೋಟೆಯಲ್ಲೇ ಇದೆ. ಸಹಾಯವಾಣಿ ಸಂಖ್ಯೆ 15100. ಪರದೆ ಮೇಲೆ ಹಾಕ್ತಿದ್ದೀವಿ, ಬರೆದುಕೊಳ್ಳಿ. ಕಂಪನಿ ಕೊಟ್ಟ ಕಾಗದದಲ್ಲಿ ಏನಿದೆ ಅಂತ ತಿಳಿಸಿಕೊಡಿ ಅಂತ ಕೇಳೋಕಾದರೂ ಅಲ್ಲಿಗೆ ಹೋಗಿ.

ಇನ್ನೊಂದು ಬದಲಾವಣೆ ಹೆಚ್ಚಿನವರಿಗೆ ಗೊತ್ತಿಲ್ಲ. ಮಂಗಳೂರು ದುರಂತದ ಕಾಲದಲ್ಲಿ 1 ಕೋಟಿಗಿಂತ ಹೆಚ್ಚು ಕೇಳಬೇಕಾದರೆ ಗ್ರಾಹಕರು ದಿಲ್ಲಿಯ ರಾಷ್ಟ್ರೀಯ ಆಯೋಗಕ್ಕೇ ಹೋಗಬೇಕಿತ್ತು. 2019ರ ಹೊಸ ಗ್ರಾಹಕ ಕಾಯ್ದೆಯಲ್ಲಿ ಯಾವ ಆಯೋಗ ಅನ್ನೋದನ್ನ ನಿರ್ಧರಿಸೋದು ನೀವು ಕೇಳುವ ಪರಿಹಾರ ಅಲ್ಲ, ನೀವು ಕೊಟ್ಟ ಬೆಲೆ. ಅಂದರೆ ಟಿಕೆಟ್ಟಿನ ಹಣ. ಅದು 50 ಲಕ್ಷ ದಾಟದಿದ್ದರೆ ಜಿಲ್ಲಾ ಆಯೋಗ. ದೂರುದಾರರು ವಾಸ ಇರುವ ಊರಿನ ಆಯೋಗದಲ್ಲೂ ದೂರು ಕೊಡಲು ಹೊಸ ಕಾಯ್ದೆ ಅವಕಾಶ ಕೊಟ್ಟಿದೆ. ದಿಲ್ಲಿಗೆ ಹೋಗುವ ಮೊದಲು ನವನಗರದಲ್ಲೇ ಬಾಗಿಲು ಇದೆಯಾ ಅಂತ ವಕೀಲರನ್ನ ಕೇಳಿ. ಗ್ರಾಹಕ ಆಯೋಗವೋ, ಸಿವಿಲ್ ಕೋರ್ಟೋ, ಯಾವುದು ಸರಿ ಅಂತ ಕಾರಣ ಕೊಟ್ಟು ಹೇಳಬಲ್ಲವರೇ ನಿಮ್ಮ ವಕೀಲರು.

1990ರ ಫೆಬ್ರವರಿ 14ರಂದು ಬೆಂಗಳೂರಿನ ಎಚ್‌ಎಎಲ್ ನಿಲ್ದಾಣದ ಬಳಿ ಏರ್‌ಬಸ್ ಬಿದ್ದು 92 ಜನ ಸತ್ತರು. ಇಪ್ಪತ್ತು ವರ್ಷದ ಮೇಲೆ ಮಂಗಳೂರು. ಹದಿನೈದು ವರ್ಷದ ಮೇಲೆ ಅಹಮದಾಬಾದ್. ಪ್ರತಿ ಸಲ ನಾವು ಟಿವಿಯವರು ಬ್ಲಾಕ್ ಬಾಕ್ಸ್ ಬಗ್ಗೆ ಗಂಟೆಗಟ್ಟಲೆ ಮಾತಾಡ್ತೀವಿ. ಮನೆಯಲ್ಲಿ ಉಳಿದವರ ಕೈಗೆ ಬರೋ ಕಾಗದದ ಬಗ್ಗೆ ಎರಡು ನಿಮಿಷ ಮಾತಾಡಲ್ಲ.

ನವನಗರದಲ್ಲಿ ಆ ಹಿರಿಯರು ಹೊರಡುವಾಗ ನಾನು ಕೇಳಿದೆ, "ಇಷ್ಟು ವರ್ಷ ಆಯ್ತಲ್ಲ ಅಜ್ಜಾರೇ, ಇನ್ನೂ ಬೇಜಾರಿದೆಯಾ?" ಅವರು ನಕ್ಕರು. "ರೊಕ್ಕ ಹೋತಂತ ಬ್ಯಾಸರಿಲ್ಲ ಸರ. ನನ್ನ ಕೈಲೇ ನಾನ ಬರದು ಕೊಟ್ಟೆನಲ್ಲ, ಅದಕ್ಕ."

ಸತ್ತವರನ್ನ ಯಾವ ಕೋರ್ಟೂ ವಾಪಸ್ ಕೊಡಲ್ಲ. ಕೋಟಿ ಬಂದರೂ ಆ ಮನೆಯ ಊಟದ ಸಾಲಿನಲ್ಲಿ ಒಂದು ತಾಟು ಕಡಿಮೆಯೇ. ಆದರೆ ಉಳಿದ ಮಕ್ಕಳು ಓದಬೇಕು, ಮುದುಕರ ಔಷಧಿ ಬರಬೇಕು. ಅದು ಅವರಿಗೆ ಸಲ್ಲಬೇಕಾದ ಹಕ್ಕು. ಅದನ್ನ ಒಂದು ಅವಸರದ ಸಹಿಯಲ್ಲಿ ಬರೆದುಕೊಡಬೇಡಿ. ಅಂಥ ಮನೆ ನಿಮ್ಮ ಓಣಿಯಲ್ಲಿ ಇದ್ದರೆ, ಸಮಾಧಾನ ಹೇಳೋಕೆ ಹೋದಾಗ ಈ ಒಂದು ಮಾತನ್ನೂ ಹೇಳಿ ಬನ್ನಿ: ಇವತ್ತು ಅಳ್ರಿ, ಸಹಿ ನಾಳೆ ನೋಡೋಣ.

ಅವತ್ತು ವೆನ್ಲಾಕ್ ಆಸ್ಪತ್ರೆ ಎದುರು ನಿಂತು ಕೇಳಿದ ಬಾದಾಮಿಯ ಅಣ್ಣಾ, ನೀನು ಎಲ್ಲೇ ಇದ್ದರೂ, ನಿನ್ನ ಪ್ರಶ್ನೆಗೆ ಉತ್ತರ ಇಷ್ಟು ತಡವಾಗಿ ಕೊಡ್ತಿದ್ದೀನಿ. ಕ್ಷಮಿಸು.